ಲುಹ್ಯಾ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಕೀನ್ಯಾದ ಮಾತೆತ್ತಿದಾಗಲೆಲ್ಲ ಗೆಳೆಯರು, ಓದುಗರು ಸುತ್ತಿ ಬಳಸಿ ಇವನ್ನೇ ಕೇಳುತ್ತಾರೆ. ಕೇಳಿದವರ ಮಾತಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸಲೀಸಾದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಮೊದಲ ಪರಿಚಯ

ಲುಹ್ಯಾ ಅಂದ್ರೆ ಯಾರು? ಎಲ್ಲಿರ್ತಾರೆ?

ಕೀನ್ಯಾದ ಪಶ್ಚಿಮ ತುದಿಯಲ್ಲಿ, ವಿಕ್ಟೋರಿಯಾ ಸರೋವರಕ್ಕೂ ಎಲ್ಗಾನ್ ಬೆಟ್ಟಕ್ಕೂ ನಡುವಿನ ಹಸಿರು ನಾಡಿನ ಜನ. ಆಫ್ರಿಕಾದ ಬಾಂಟು ಎಂಬ ದೊಡ್ಡ ಭಾಷಾ ಕುಟುಂಬದ ಮಾತು ಆಡುವವರು. ಕಾಕಮೆಗಾ, ಬುಂಗೋಮಾ, ವಿಹಿಗಾ, ಬುಸಿಯಾ, ಈ ನಾಲ್ಕು ಕೌಂಟಿಗಳು ಅವರ ತವರು. ಪಕ್ಕದ ಟ್ರಾನ್ಸ್ ನ್ಜೋಯಾದಲ್ಲೂ ತುಂಬಾ ಮಂದಿ ಇದ್ದಾರೆ. ಗಡಿ ದಾಟಿದರೆ ಉಗಾಂಡಾದಲ್ಲಿ ನೆಂಟರಿದ್ದಾರೆ. 2019ರ ಜನಗಣತಿಯಲ್ಲಿ 68 ಲಕ್ಷಕ್ಕೂ ಹೆಚ್ಚು ಜನ ತಾವು ಲುಹ್ಯಾ ಎಂದು ಬರೆಸಿದ್ದಾರೆ. ಕಿಕುಯು ಬಿಟ್ಟರೆ ಆ ದೇಶದಲ್ಲಿ ಇವರದ್ದೇ ದೊಡ್ಡ ಸಂಖ್ಯೆ.

ಮಳೆ ಚೆನ್ನಾಗಿದೆ, ಮಣ್ಣು ಚೆನ್ನಾಗಿದೆ, ಹಾಗಾಗಿ ಜನವೂ ಜಾಸ್ತಿ. ವಿಹಿಗಾದಲ್ಲಿ ಒಂದು ಚದರ ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಮಂದಿ, ಅದೂ ಹೆಚ್ಚಾಗಿ ಹಳ್ಳಿಗಾಡಿನಲ್ಲಿ. ಅಣ್ಣತಮ್ಮಂದಿರ ನಡುವೆ ಪಾಲಾಗಿ ಪಾಲಾಗಿ ಎಷ್ಟೋ ಮನೆಗಳ ಹೊಲ ಹಿತ್ತಿಲಿನಷ್ಟೇ ಉಳಿದಿದೆ. ಕೆಲಸ ಹುಡುಕಿ ನೈರೋಬಿಗೆ ಹೋಗುವವರ ಸಾಲು ಅದಕ್ಕೇ ನಿಂತಿಲ್ಲ.

ಕೀನ್ಯಾದವರು ಅಂದ್ರೆ ಮಸಾಯಿಗಳಲ್ವಾ? ಕೆಂಪು ಬಟ್ಟೆ, ಭರ್ಜಿ...

ಅದು ಪ್ರವಾಸದ ಜಾಹೀರಾತಿನ ಕೀನ್ಯಾ. ಅದೇ ಜನಗಣತಿಯಲ್ಲಿ ಮಸಾಯಿಗಳು ಸುಮಾರು 12 ಲಕ್ಷ. ಲುಹ್ಯಾಗಳು ಬೇಸಾಯದವರು. ಮೆಕ್ಕೆಜೋಳ, ಬೀನ್ಸ್, ಬಾಳೆ, ಗೆಣಸು, ಕಬ್ಬು, ಅಲ್ಲಲ್ಲಿ ಚಹಾ ಬೆಳೆಯುತ್ತಾರೆ. ದನಗಳೂ ಉಂಟು, ಆದರೆ ದನದ ಹಿಂದೆ ಊರೂರು ತಿರುಗುವ ಬದುಕು ಇವರದ್ದಲ್ಲ.

ಒಟ್ಟು ಎಷ್ಟು ಪಂಗಡ ಇವೆ?

ಕೀನ್ಯಾದಲ್ಲಿ ಸಾಮಾನ್ಯವಾಗಿ 16ರಿಂದ 18 ಅಂತ ಎಣಿಸುತ್ತಾರೆ. ಯಾರು ಎಣಿಸುತ್ತಾರೆ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತದೆ. ಬುಂಗೋಮಾ ಕಡೆಯ ಬುಕುಸು, ವಿಹಿಗಾದ ಮರಗೋಲಿ ಇವೆರಡು ದೊಡ್ಡವು. ಆಮೇಲೆ ವಂಗಾ, ಬನ್ಯೋರೆ, ತಿರಿಕಿ, ಇಸುಖಾ, ಇದಾಖೊ, ಕಬ್ರಾಸ್, ತಚೋನಿ, ಮರಾಮಾ, ಕಿಸಾ, ತ್ಸೊತ್ಸೊ, ಮರಾಚಿ, ಖಾಯೊ, ಸಮಿಯಾ, ಬನ್ಯಾಲಾ ಹೀಗೆ. ಪ್ರತಿ ಪಂಗಡದ ಒಳಗೆ ಹತ್ತಾರು ಬೆಡಗುಗಳು, ಅಂದರೆ ಒಂದೇ ವಂಶದ ಗುಂಪುಗಳು. ಹಳ್ಳಿಯಲ್ಲಿ ದಿನನಿತ್ಯದ ವಿಚಾರಕ್ಕೆ, ಅಂದರೆ ಜಮೀನು, ಮದುವೆ, ಸಾವು, ಇವಕ್ಕೆಲ್ಲ ಬೆಡಗೇ ಮುಖ್ಯ.

ಲುಹ್ಯಾ ಅನ್ನೋ ಹೆಸರು ಎಲ್ಲಿಂದ ಬಂತು? ತುಂಬಾ ಹಳೆಯದಾ?

ಇಲ್ಲಿ ಸ್ವಲ್ಪ ನಿಲ್ಲಬೇಕು. ನೂರು ವರ್ಷದ ಹಿಂದೆ ಕಾಕಮೆಗಾದ ಹಳ್ಳಿಯೊಂದರಲ್ಲಿ "ನೀವು ಲುಹ್ಯಾನಾ?" ಅಂತ ಕೇಳಿದ್ದರೆ ಎದುರಿನವರು ಮುಖ ನೋಡುತ್ತಿದ್ದರು. ಅವರು ಬುಕುಸು, ಮರಗೋಲಿ, ಇಸುಖಾ ಅಷ್ಟೇ. ಬ್ರಿಟಿಷರು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ 'ಬಾಂಟು ಕವಿರೊಂಡೊ' ಅಂತ ಕರೆದರು. ಕವಿರೊಂಡೊ ಅನ್ನೋದು ಈ ಸೀಮೆಗೆ ಹೊರಗಿನವರು ಇಟ್ಟ ಹೆಸರು.

ಅಷ್ಟರಲ್ಲಿ ಚಿನ್ನ ಸಿಕ್ಕಿತು. 1931ರಲ್ಲಿ ಕಾಕಮೆಗಾದ ಸುತ್ತ ಚಿನ್ನ ಇದೆ ಅಂತ ಗೊತ್ತಾದದ್ದೇ ತಡ, ಬಿಳಿಯರು ಮುಗಿಬಿದ್ದರು. "ಈ ಭೂಮಿ ಎಂದೆಂದಿಗೂ ನಿಮ್ಮದೇ" ಅನ್ನುವ ಅರ್ಥದ ಕಾಯ್ದೆಯನ್ನು ಸರ್ಕಾರ 1930ರಲ್ಲಷ್ಟೇ ಮಾಡಿತ್ತು. ಅದರ ಪ್ರಕಾರ, ಜಮೀನು ತೆಗೆದುಕೊಂಡರೆ ಬದಲಿ ಜಮೀನು ಕೊಡಬೇಕು. 1932ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತಂದು, ಗಣಿಗಾಗಿ ಭೂಮಿ ತೆಗೆದುಕೊಂಡರೆ ದುಡ್ಡು ಕೊಟ್ಟರೆ ಸಾಕು ಎಂದು ಮಾಡಿದರು. ಎರಡೇ ವರ್ಷ ಬಾಳಿದ ಎಂದೆಂದಿಗೂ!

ಬೇರೆ ಬೇರೆ ಬೆಡಗಿನವರು ಒಬ್ಬೊಬ್ಬರೇ ಅರ್ಜಿ ಹಿಡಿದು ಹೋದರೆ ಯಾರು ಕೇಳುತ್ತಾರೆ? ಮಿಷನ್ ಶಾಲೆಗಳಲ್ಲಿ ಓದಿದ ಯುವಕರು ಆ ದಶಕದಲ್ಲಿ ನಾರ್ತ್ ಕವಿರೊಂಡೊ ಸೆಂಟ್ರಲ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. ಎಲ್ಲರಿಗೂ ಒಪ್ಪುವ ಒಂದು ಹೆಸರು ಬೇಕಾಯಿತು. 'ಅಬಲುಯಿಯಾ' ಎಂದು ಕರೆದುಕೊಂಡರು. ಒಲುಯಿಯಾ ಅಂದರೆ ಹಿರಿಯರು ಸಂಜೆ ಬೆಂಕಿ ಹಾಕಿಕೊಂಡು ಸುತ್ತ ಕೂರುವ ಜಾಗ. ಅಬಲುಯಿಯಾ ಅಂದರೆ ಒಂದೇ ಬೆಂಕಿಯ ಸುತ್ತ ಕೂತವರು. 1940ರ ದಶಕ ಮುಗಿಯುವ ಹೊತ್ತಿಗೆ ಹೆಸರು ಊರೂರಿಗೆ ಹಬ್ಬಿತ್ತು.

ಹಾಗಾದ್ರೆ ಇದು ಸುಮ್ನೆ ಕಟ್ಟಿಕೊಂಡ ಗುರುತು ಅಲ್ವಾ?

ಕಟ್ಟಿಕೊಂಡದ್ದು ಹೌದು. "ಸುಮ್ನೆ" ಅನ್ನೋದಕ್ಕೆ ನನ್ನ ತಕರಾರಿದೆ. ಆ ಪಂಗಡಗಳ ನಡುವೆ ಭಾಷೆಯ ನೆಂಟಸ್ತಿಕೆ ಮೊದಲೇ ಇತ್ತು. ಕೊಟ್ಟು ತಂದ ಸಂಬಂಧಗಳಿದ್ದವು. ಜಗಳಗಳೂ ಬೇಕಾದಷ್ಟಿದ್ದವು. ಹೆಸರೊಂದು ಇರಲಿಲ್ಲ, ಅದನ್ನು ತಾವೇ ಇಟ್ಟುಕೊಂಡರು. ಮೇಲಿನಿಂದ ಬಂದ ಹೆಸರನ್ನು ಬಿಟ್ಟು ತಮ್ಮ ಅಂಗಳದ ಮಾತನ್ನೇ ಆರಿಸಿಕೊಂಡದ್ದು ನನಗಂತೂ ಜಾಣತನ ಅನ್ನಿಸುತ್ತದೆ.

## ಮೂಲ, ಮಾತು, ಹೆಸರು

ಈಜಿಪ್ಟಿನಿಂದ ಬಂದವರಂತೆ, ನಿಜಾನಾ?

ಬುಕುಸು ಮತ್ತಿತರ ಪಂಗಡಗಳ ಹಿರಿಯರ ಕಥೆಯಲ್ಲಿ 'ಮಿಸ್ರಿ' ಎಂಬ ಊರು ಬರುತ್ತದೆ. ಪೂರ್ವ ಆಫ್ರಿಕಾದಲ್ಲೆಲ್ಲ ನಡೆಯುವ ಸ್ವಾಹಿಲಿ ಭಾಷೆಯಲ್ಲಿ ಮಿಸ್ರಿ ಅಂದರೆ ಈಜಿಪ್ಟ್. ಬೈಬಲ್ಲೂ ಸ್ವಾಹಿಲಿ ವ್ಯಾಪಾರಿಗಳೂ ಬಂದ ಮೇಲೆ ಹಿರಿಯರ ಕಥೆಯೂ ಬೈಬಲ್ಲಿನ ಈಜಿಪ್ಟ್ ಕಥೆಯೂ ಹೆಣೆದುಕೊಂಡಿರಬಹುದು ಅನ್ನೋದು ನನ್ನ ಅನಿಸಿಕೆ. ಯಾಕಂದರೆ ಭಾಷೆ ಹೇಳುವ ದಾರಿ ಬೇರೆ. ಬಾಂಟು ಭಾಷೆಗಳು ಪಶ್ಚಿಮ ಆಫ್ರಿಕಾದ ಕ್ಯಾಮರೂನ್ ಕಡೆಯಿಂದ ನಿಧಾನವಾಗಿ ಪೂರ್ವಕ್ಕೆ, ದಕ್ಷಿಣಕ್ಕೆ ಹರಡಿದವು. ವಿಕ್ಟೋರಿಯಾ ಸರೋವರದ ಸುತ್ತ ಆ ಕಾಲದ 'ಉರೇವೆ' ಎಂಬ ಬಗೆಯ ಮಡಕೆ ಚೂರುಗಳು ಸಿಗುತ್ತವೆ. ಉರೇವೆ ಅನ್ನೋ ಜಾಗ ಲುಹ್ಯಾ ನಾಡಿನ ಪಕ್ಕದಲ್ಲೇ ಇದೆ. ಆ ಮಡಕೆಗಳಿಗೆ ಎರಡು ಸಾವಿರ ವರ್ಷದ ವಯಸ್ಸು.

ಹಾಗಂತ ಎಲ್ಲ ಲುಹ್ಯಾಗಳೂ ಒಂದೇ ದಾರಿಯಲ್ಲಿ ನಡೆದು ಬಂದವರು ಅಂದುಕೊಳ್ಳಬೇಡಿ. ಕೆಲವು ಬೆಡಗುಗಳು ಉಗಾಂಡಾದ ಬುಗಾಂಡಾ, ಬುಸೋಗಾ ಕಡೆಯಿಂದ ಬಂದವು. ಕೆಲವು ಮೂಲದಲ್ಲಿ ಕಲೆಂಜಿನ್, ಅಂದರೆ ಬಾಂಟು ಅಲ್ಲದ ಭಾಷೆಯ ನೆರೆಯ ಜನ. ತಿರಿಕಿ, ತಚೋನಿಗಳ ನಡುವೆ ಕಲೆಂಜಿನ್ ಬೇರು ಎದ್ದು ಕಾಣುತ್ತದೆ. ಬಂದವರನ್ನೆಲ್ಲ ಈ ನಾಡು ಒಳಗೆ ಕರೆದುಕೊಂಡಿದೆ.

ಲುಹ್ಯಾ ಭಾಷೆ ಒಂದೇನಾ? ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗುತ್ತಾ?

ನಡುವಿನ ಪಂಗಡಗಳಾದ ವಂಗಾ, ಮರಾಮಾ, ಕಿಸಾ, ತ್ಸೊತ್ಸೊಗಳವರಿಗೆ ಒಬ್ಬರ ಮಾತು ಒಬ್ಬರಿಗೆ ಆರಾಮಾಗಿ ಅರ್ಥವಾಗುತ್ತದೆ. ಉತ್ತರದ ಬುಕುಸು, ದಕ್ಷಿಣದ ಮರಗೋಲಿ ಎದುರಾದರೆ ಸ್ವಲ್ಪ ಹೊತ್ತಿಗೆ ಇಬ್ಬರೂ ಸ್ವಾಹಿಲಿಗೆ ಇಳಿಯುತ್ತಾರೆ. ಮರಗೋಲಿ ಮಾತನ್ನು ಕೆಲವು ಭಾಷಾತಜ್ಞರು ಗುಸಿ, ಕುರಿಯಾ ಭಾಷೆಗಳ ಗುಂಪಿಗೆ ಸೇರಿಸುವುದೂ ಉಂಟು.

1940ರ ದಶಕದಲ್ಲಿ ಎಲ್ಲರಿಗೂ ಒಂದೇ ಬರವಣಿಗೆಯ ಭಾಷೆ ಮಾಡೋಣ ಎಂದು ಸಮಿತಿ ಕೂತಿತು. ಆಪಲ್‌ಬಿ ಎಂಬ ಮಿಷನರಿ ವ್ಯಾಕರಣವನ್ನೂ ಬರೆದರು. ಆದರೆ ಮರಗೋಲಿಗಳ ಕೈಯಲ್ಲಿ ಆಗಲೇ ತಮ್ಮ ಮಾತಿನ ಹೊಸ ಒಡಂಬಡಿಕೆ ಇತ್ತು. ಅದನ್ನು ಬಿಟ್ಟು ಪಕ್ಕದೂರಿನ ಮಾತನ್ನು ಯಾಕೆ ಓದಬೇಕು ಅಂತ ಹೊರನಡೆದರು. ಬುಕುಸುಗಳಿಗೂ ಅಷ್ಟೇನೂ ಹಿಡಿಸಲಿಲ್ಲ. ಹೆಸರು ಒಂದಾಯಿತು, ಭಾಷೆ ಒಂದಾಗಲಿಲ್ಲ.

ಎಲ್ಲ ಕಡೆ ನಡೆಯುವ ಮಾತು ಒಂದಿದೆ: 'ಮುಲೆಂಬೆ'. ಶಾಂತಿ ಅಂತ ಅರ್ಥ. ಎದುರು ಸಿಕ್ಕಾಗ ಹೇಳುವ ನಮಸ್ಕಾರವೂ ಅದೇ. ಮರಗೋಲಿಗಳ ಬಾಯಲ್ಲಿ ಅದು 'ಮಿರೆಂಬೆ'.

ಒಂದ್ಸಲ ಬುಕುಸು, ಒಂದ್ಸಲ ಬಬುಕುಸು, ಇನ್ನೊಂದ್ಸಲ ಲುಬುಕುಸು ಅಂತ ಬರೀತೀರಿ. ಯಾವುದು ಸರಿ?

ಎಲ್ಲವೂ ಸರಿ. ನಾವು ಪದದ ಬಾಲಕ್ಕೆ ಹಚ್ಚುವುದನ್ನು ಬಾಂಟು ಭಾಷೆಗಳು ತಲೆಗೆ ಹಚ್ಚುತ್ತವೆ. ಒಬ್ಬನಾದರೆ ಒಮುಬುಕುಸು, ಹಲವರಾದರೆ ಬಬುಕುಸು, ಅವರ ಮಾತು ಲುಬುಕುಸು. ಹಾಗೆಯೇ ಜನ ಅಬಲುಯಿಯಾ, ಮಾತು ಒಲುಲುಯಿಯಾ. 'ಲುಹ್ಯಾ' ಎಂಬುದು ಹೊರಗಿನವರ ಬಾಯಿಗೆ ಸಲೀಸಾದ ರೂಪ.

ವಫುಲಾ, ನೆಕೆಸಾ... ಈ ಹೆಸರುಗಳಿಗೆ ಅರ್ಥ ಇದೆಯಾ?

ಇದೆ, ಮತ್ತು ನನಗೆ ಬಹಳ ಇಷ್ಟವಾದ ವಿಷಯ ಇದು. ಬುಕುಸುಗಳಲ್ಲಿ ಮಗು ಹುಟ್ಟಿದ ಕಾಲವೇ ಹೆಸರಾಗುತ್ತದೆ. ಮಳೆಗಾಲದಲ್ಲಿ ಹುಟ್ಟಿದ ಗಂಡು ವಫುಲಾ, ಹೆಣ್ಣು ನಫುಲಾ. ಕಳೆ ಕೀಳುವ ಕಾಲದಲ್ಲಾದರೆ ವನ್ಯೋನ್ಯಿ, ನನ್ಯೋನ್ಯಿ. ಸುಗ್ಗಿಯಲ್ಲಿ ವೆಕೆಸಾ, ನೆಕೆಸಾ. ಬೇಸಿಗೆಯಲ್ಲಿ ಸಿಮಿಯು, ನಸಿಮಿಯು. ಹಸಿವಿನ ಕಾಲದಲ್ಲಿ ಹುಟ್ಟಿದರೆ ವಂಜಾಲಾ, ನಂಜಾಲಾ. ದಾರಿಯಲ್ಲೇ ಹೆರಿಗೆಯಾದರೆ ವಂಗಿಲಾ. ಅವಳಿಗಳಲ್ಲಿ ಮೊದಲನೆಯದು ಮುಖ್ವಾನಾ, ಎರಡನೆಯದು ಮುಲೊಂಗೊ, ಅವರ ಬೆನ್ನಿಗೆ ಹುಟ್ಟಿದ್ದು ಖಿಸಾ.

ಹಾಜರಿ ಪುಸ್ತಕ ನೋಡಿದರೆ ಆ ಊರಿನ ಹವಾಮಾನದ ಚರಿತ್ರೆಯೇ ಸಿಕ್ಕೀತು. ಜೊತೆಗೆ ತೀರಿಹೋದ ಹಿರಿಯರ ಹೆಸರನ್ನೂ ಇಡುತ್ತಾರೆ.

## ಅಡುಗೆಮನೆ, ಅಂಗಳ

ರಾಗಿ ಆ ಕಡೆಯಿಂದ ಬಂದಿದ್ದಂತೆ. ಅವರೂ ಮುದ್ದೆ ತಿಂತಾರಾ?

ತಿನ್ನುತ್ತಾರೆ! ರಾಗಿಯನ್ನು ಮೊದಲು ಬೆಳೆಗೆ ತಂದದ್ದು ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ. ಸಾವಿರಾರು ವರ್ಷದ ಹಿಂದೆ ಅದು ಸಮುದ್ರ ದಾಟಿ ನಮ್ಮ ಕಡೆ ಬಂತು. ಈಗ ಭಾರತದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕ. ಲುಹ್ಯಾಗಳು ರಾಗಿಗೆ 'ಒಬುಲೆ' ಅನ್ನುತ್ತಾರೆ. ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮರದ ಕೋಲಿನಲ್ಲಿ ತಿರುವಿ ಗಟ್ಟಿ ಮಾಡಿದ್ದು 'ಒಬುಸುಮಾ'. ಕೀನ್ಯಾದ ಉಳಿದ ಕಡೆ ಇದೇ ಉಗಾಲಿ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ ಸೊಪ್ಪಿನ ಜೊತೆ ತಿನ್ನುತ್ತಾರೆ. ನಾವು ನುಂಗುತ್ತೇವೆ, ಅವರು ಅಗಿಯುತ್ತಾರೆ. ಅಷ್ಟೇ ವ್ಯತ್ಯಾಸ.

ಈಗ ದಿನನಿತ್ಯದ ಒಬುಸುಮಾ ಹೆಚ್ಚಾಗಿ ಬಿಳಿ ಮೆಕ್ಕೆಜೋಳದ್ದು. ರಾಗಿ ಗಂಜಿಗೆ ಸರಿದಿದೆ. 'ಬುಸಾ' ಎಂಬ ನಾಟಿ ಬಿಯರ್‌ಗೂ ಮೊಳಕೆ ರಾಗಿ ಬೇಕು. ಒಂದೇ ಮಡಕೆಯ ಸುತ್ತ ಕೂತು, ಉದ್ದದ ಕೊಳವೆಗಳಲ್ಲಿ ಹೀರುತ್ತಾ ಹಿರಿಯರು ಪಂಚಾಯ್ತಿ ಮಾಡುತ್ತಿದ್ದರು.

ಸೊಪ್ಪಿನ ವಿಷಯದಲ್ಲಂತೂ ಹಳೆ ಮೈಸೂರಿನವರನ್ನು ಹೋಲುತ್ತಾರೆ. ಕಾಗೆಸೊಪ್ಪು, ಅಲಸಂದೆ ಸೊಪ್ಪು, ಲೋಳೆಲೋಳೆಯಾದ ಮ್ರೆಂಡಾ ಎಲ್ಲ ಬೇಕು. ಮಳೆ ಬಂದ ಮೇಲೆ ಏಳುವ ರೆಕ್ಕೆ ಗೆದ್ದಲನ್ನು ಹಿಡಿದು ಹುರಿದು ತಿನ್ನುತ್ತಾರೆ. ನಮ್ಮಲ್ಲೂ ಈಸಲು ಹುಳ ತಿನ್ನುವ ಊರುಗಳಿವೆ, ಮೂಗು ಮುರಿಯಬೇಡಿ.

ಕೋಳಿ ಅಂದ್ರೆ ಪ್ರಾಣ ಬಿಡ್ತಾರಂತೆ?

ಕೀನ್ಯಾದ ಹಾಸ್ಯಗಾರರಿಗೆ ಇದೊಂದೇ ಜೋಕು ಸಾಕು. ನಿಜಾಂಶ ಇಷ್ಟು: ನೆಂಟರು ಬಂದರೆ 'ಇಂಗೋಖೊ', ಅಂದರೆ ನಾಟಿ ಕೋಳಿ, ಕೊಯ್ಯದೆ ಕಳಿಸುವುದು ಅವಮಾನ. ಕೋಳಿಯ ಗುಂಡುಕಾಯಿ ಮನೆಯ ಯಜಮಾನನಿಗೆ ಮೀಸಲು. ಅದು ಬೇರೆಯವರ ತಟ್ಟೆಗೆ ಹೋಯಿತು ಅಂದರೆ ಹಿಂದಿನ ಕಾಲದಲ್ಲಿ ದೊಡ್ಡ ರಾದ್ಧಾಂತ.

ಸೋದರಮಾವನ ಮಗಳನ್ನ ಮದುವೆ ಆಗಬಹುದಾ ಅಲ್ಲಿ?

ಖಂಡಿತ ಇಲ್ಲ. ಅಪ್ಪನ ಬೆಡಗಲ್ಲೂ ಇಲ್ಲ, ಅಮ್ಮನ ಬೆಡಗಲ್ಲೂ ಇಲ್ಲ. ನಮ್ಮಲ್ಲಿ ಹಲವು ಜಾತಿಗಳಲ್ಲಿ ಇದು ರೂಢಿ ಅಂತ ಹೇಳಿದರೆ ಅವರು ಬೆಚ್ಚಿಬೀಳುತ್ತಾರೆ. ವಧುದಕ್ಷಿಣೆಯನ್ನು ದನಗಳ ರೂಪದಲ್ಲಿ ಗಂಡಿನ ಮನೆಯವರು ಕೊಡಬೇಕು. ಈಗ ದುಡ್ಡೂ ಸೇರಿಕೊಂಡಿದೆ.

ಇಸುಕುಟಿ ಅನ್ನೋದು ಡೋಲಾ, ಕುಣಿತಾನಾ?

ಎರಡೂ. ಇಸುಖಾ ಮತ್ತು ಇದಾಖೊ ಪಂಗಡಗಳ ಕಲೆ. ಡೋಲುಗಳು ಒಂದು ಸಂಸಾರದ ಹಾಗೆ: ದೊಡ್ಡದು ಅಪ್ಪ, ನಡುವಿನದು ಅಮ್ಮ, ಚಿಕ್ಕದು ಮಗು. ಜೊತೆಗೆ ಜಿಂಕೆ ಜಾತಿಯ ಪ್ರಾಣಿಯ ಕೊಂಬಿನ ಕಹಳೆ. ಮಗು ಹುಟ್ಟಿದರೂ ಇಸುಕುಟಿ, ಮದುವೆಗೂ ಇಸುಕುಟಿ, ಸಾವಿಗೂ ಇಸುಕುಟಿ. 2014ರಲ್ಲಿ ಯುನೆಸ್ಕೋ ಇದನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಕಲಿಸುವ ಹಿರಿಯರು ಕಡಿಮೆಯಾಗುತ್ತಿದ್ದಾರೆ.

ಅದೇ ಊರುಗಳಲ್ಲಿ ಗೂಳಿ ಕಾಳಗವೂ ಉಂಟು. ಸ್ಪೇನಿನ ಹಾಗೆ ಮನುಷ್ಯ ಕತ್ತಿ ಹಿಡಿದು ನಿಲ್ಲುವುದಿಲ್ಲ. ಗೂಳಿಗೆ ಗೂಳಿಯೇ ಎದುರಾಳಿ. ಒಂದು ಬೆನ್ನು ತೋರಿಸಿ ಓಡಿದರೆ ಆಟ ಮುಗಿಯಿತು. ಜನ ಮಾತ್ರ ಗೆದ್ದ ಗೂಳಿಯ ಹಿಂದೆ ಮೈಲಿಗಟ್ಟಲೆ ಓಡುತ್ತಾರೆ.

ಹುಡುಗರ ಸುನ್ನತಿ ದೊಡ್ಡ ಹಬ್ಬ ಅಂತೆ. ಅಷ್ಟೊಂದು ಮಹತ್ವ ಯಾಕೆ?

ಬುಕುಸುಗಳಲ್ಲಿ ಇದು ಸಮಸಂಖ್ಯೆಯ ವರ್ಷಗಳ ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ. 2022, 2024, ಹೀಗೆ. ಹುಡುಗ ಕೈಗೆ ಗಂಟೆ ಕಟ್ಟಿಕೊಂಡು, ಕುಣಿಯುತ್ತಾ ನೆಂಟರ ಮನೆಗಳಿಗೆ ಹೋಗಿ ಕರೆಯಬೇಕು. ಸೋದರಮಾವನ ಮನೆಗೆ ಹೋಗಲೇಬೇಕು. ಮಾವ ದನ ಕಡಿದು, ಎದೆಭಾಗದ ಮಾಂಸವನ್ನು ಅಳಿಯನ ಕೊರಳಿಗೆ ಹಾಕುತ್ತಾನೆ. ಬೈಗುಳವನ್ನೂ ಕೊಡುತ್ತಾನೆ: ಹೆದರಿದರೆ ನನ್ನ ಮಾನ ಹೋದೀತು ಅಂತ! ಮರುದಿನ ನಸುಕಿನಲ್ಲಿ ಹೊಳೆಗೆ ಕರೆದೊಯ್ದು ಮೈಗೆ ತಣ್ಣನೆಯ ಕೆಸರು ಬಳಿಯುತ್ತಾರೆ. ಹಾಡುತ್ತಾ ಮನೆಯ ಅಂಗಳಕ್ಕೆ ತರುತ್ತಾರೆ. ಅಪ್ಪನ ಎದುರು, ಊರಿನ ಎದುರು ಹುಡುಗ ರೆಪ್ಪೆ ಮಿಟುಕಿಸದೆ ನಿಲ್ಲಬೇಕು.

ಮಹತ್ವ ಇರುವುದು ಆಮೇಲೆ. ಜೊತೆಗೆ ನಿಂತವರೆಲ್ಲ ಒಂದೇ ಓರಗೆಯವರು ಆಗುತ್ತಾರೆ. ಬುಕುಸುಗಳಿಗೆ ಇಂಥ ಎಂಟು ಓರಗೆಗಳಿವೆ: ಕೊಲೊಂಗೊಲೊ, ಕಿಕ್ವಾಮೆಟಿ, ಕನನಾಚಿ, ಕಿನ್ಯಿಕೆಯು, ನ್ಯಾಂಗೆ, ಮೈನಾ, ಚುಮಾ, ಸಾವಾ. ನಮ್ಮ ಸಂವತ್ಸರಗಳ ಹೆಸರಿನ ಹಾಗೆ ಇವು ಸುತ್ತಿ ಮತ್ತೆ ಬರುತ್ತವೆ. ಮುತ್ತಜ್ಜನ ಓರಗೆಯ ಹೆಸರು ಮರಿಮಗನಿಗೆ ಸಿಗಬಹುದು. ಹಳೆಯ ಘಟನೆಗಳ ಕಾಲವನ್ನು ಹಿರಿಯರು ಲೆಕ್ಕ ಹಾಕುವುದೂ ಇದರಿಂದಲೇ.

ಈಗ ಎಷ್ಟೋ ಮನೆಯವರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ತಿರಿಕಿಗಳು ಇದನ್ನು ಕಾಡಿನ ತೋಪಿನಲ್ಲಿ, ಗುಟ್ಟಾಗಿ ಮಾಡುತ್ತಾರೆ.

ಮಳೆ ತರಿಸುವವರು ಇದ್ದಾರಂತೆ, ಮೂಢನಂಬಿಕೆ ಅಲ್ವಾ?

ಬನ್ಯೋರೆ ಪಂಗಡದ ಙ್ಗಾನ್ಯಿ ಮನೆತನದವರು ಇದಕ್ಕೆ ಹೆಸರುವಾಸಿ. ಅವರ ಕೆಲಸದಲ್ಲಿ ಪೂಜೆ ಇದೆ, ಜೊತೆಗೆ ನೋಟವೂ ಇದೆ. ಯಾವ ಮರ ಯಾವಾಗ ಚಿಗುರಿತು, ಹಕ್ಕಿಗಳು ಏನು ಮಾಡುತ್ತಿವೆ, ಗಾಳಿ ಎತ್ತಲಿಂದ ಬೀಸಿತು ಎಂದು ತಲೆಮಾರುಗಳಿಂದ ಗಮನಿಸಿದ್ದಾರೆ. ಕೀನ್ಯಾದ ಹವಾಮಾನ ಇಲಾಖೆ ಇವರ ಜೊತೆ ಕೂತು ಮುನ್ಸೂಚನೆ ಹೇಳುವ ಪ್ರಯೋಗವನ್ನೂ ಮಾಡಿದೆ. ರೈತರು ಇಲಾಖೆಯ ಮಾತಿಗಿಂತ ಇವರ ಮಾತು ಕೇಳುತ್ತಿದ್ದರು ಅನ್ನೋದೇ ಅದಕ್ಕೆ ಕಾರಣ.

## ಇತಿಹಾಸ, ರಾಜಕೀಯ, ಗೊಂದಲಗಳು

ಇವರಿಗೆ ರಾಜರು ಇದ್ರಾ?

ವಂಗಾಗಳಿಗೆ ಮಾತ್ರ. ಅವರ ದೊರೆಗೆ 'ನಬೊಂಗೊ' ಎಂದು ಬಿರುದು. ಎಲ್ಲರಿಗೂ ಗೊತ್ತಿರುವ ಹೆಸರು ನಬೊಂಗೊ ಮುಮಿಯಾ. ಕರಾವಳಿಯಿಂದ ದಂತದ ವ್ಯಾಪಾರಕ್ಕೆ ಬಂದ ಸ್ವಾಹಿಲಿಗಳಿಗೆ ಜಾಗ ಕೊಟ್ಟ, ಬ್ರಿಟಿಷರಿಗೂ ಕೊಟ್ಟ. 1902ರವರೆಗೆ ಈ ನಾಡು ಉಗಾಂಡಾಕ್ಕೆ ಸೇರಿತ್ತು. ಕರಾವಳಿಯಿಂದ ಉಗಾಂಡಾಕ್ಕೆ ಹೋಗುವ ದಾರಿಯಲ್ಲಿ ಮುಮಿಯಾನ ಊರು ದೊಡ್ಡ ತಂಗುದಾಣ. ಈಗಲೂ ಆ ಊರಿನ ಹೆಸರು ಮುಮಿಯಾಸ್. 1909ರಲ್ಲಿ ಬ್ರಿಟಿಷರು ಅವನನ್ನು ಪರಮ ಮುಖ್ಯಸ್ಥನನ್ನಾಗಿ ಮಾಡಿದರು. ಅವನ ನೆಂಟರು ಬೇರೆ ಪಂಗಡಗಳ ಮೇಲೆ ಅಧಿಕಾರಿಗಳಾಗಿ ಕೂತರು. ಆ ಸಿಟ್ಟು ಬಹಳ ಕಾಲ ಆರಲಿಲ್ಲ. ಮುಮಿಯಾ ತೀರಿಕೊಂಡದ್ದು 1949ರಲ್ಲಿ.

ಹಾಗಾದ್ರೆ ಬ್ರಿಟಿಷರನ್ನ ಯಾರೂ ಎದುರಿಸಲಿಲ್ವಾ?

ಎದುರಿಸಿದರು. ಸೈನ್ಯ ಬಿಟ್ಟು ಓಡಿಬಂದ ಸೂಡಾನಿ ಸಿಪಾಯಿಗಳ ಬಂದೂಕುಗಳು ಬುಕುಸುಗಳ ಕೈ ಸೇರಿದ್ದವು. ಬ್ರಿಟಿಷ್ ಅಧಿಕಾರಿ ಹಾಬ್ಲಿ ಅವನ್ನು ವಾಪಸ್ ಕೇಳಿದ. ಇವರು ಕೊಡಲಿಲ್ಲ. 1895ರಲ್ಲಿ ಲುಂಬೋಕಾ, ಆಮೇಲೆ ಚೆಟಂಬೆ ಎಂಬ ಮಣ್ಣಿನ ಕೋಟೆಗಳಲ್ಲಿ ಕಾಳಗವಾಯಿತು. ಮೆಷಿನ್‌ಗನ್ ಎದುರು ಈಟಿ ಎಷ್ಟು ಹೊತ್ತು ನಿಂತೀತು? ವಂಗಾಗಳು ಆಗ ಬ್ರಿಟಿಷರ ಕಡೆ ಇದ್ದರು ಅನ್ನೋದನ್ನು ಬುಕುಸುಗಳು ಮರೆತಿಲ್ಲ.

ಮುಂದೆ 1940ರ ದಶಕದಲ್ಲಿ ಎಲೈಜಾ ಮಸಿಂದೆ ಬಂದ. ಫುಟ್‌ಬಾಲ್ ಆಟಗಾರನಾಗಿದ್ದ ಬುಕುಸು ಮನುಷ್ಯ. ಪೂರ್ವಿಕರ ಪೂಜೆಗೆ ಮರಳಿ, ಬಿಳಿಯರು ಹೊರಡಲಿ ಎಂದು 'ದಿನಿ ಯಾ ಮ್ಸಂಬ್ವಾ' ಪಂಥ ಕಟ್ಟಿದ. ಸರ್ಕಾರ ಅವನನ್ನು ಹುಚ್ಚಾಸ್ಪತ್ರೆಗೂ ಹಾಕಿತು, 1948ರಲ್ಲಿ ಪಂಥವನ್ನೇ ನಿಷೇಧಿಸಿತು. ಸ್ವಾತಂತ್ರ್ಯ ಬಂದ ಮೇಲೂ ಜೈಲು ಅವನಿಗೆ ತಪ್ಪಲಿಲ್ಲ. ತೀರಿಕೊಂಡದ್ದು 1987ರಲ್ಲಿ.

ಇವರಲ್ಲಿ ಕ್ವೇಕರ್‌ಗಳು ಜಾಸ್ತಿಯಂತೆ, ಹೇಗೆ?

ಕ್ವೇಕರ್ ಅನ್ನೋದು ಕ್ರೈಸ್ತರ ಒಂದು ಪಂಥ. 1902ರಲ್ಲಿ ಮೂವರು ಅಮೆರಿಕನ್ ಕ್ವೇಕರ್‌ಗಳು ಕೈಮೋಸಿಯಲ್ಲಿ ಮಿಷನ್ ತೆರೆದರು. ಶಾಲೆ, ಆಸ್ಪತ್ರೆ ಬಂತು. ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ಕ್ವೇಕರ್‌ಗಳಿರುವುದು ಕೀನ್ಯಾದಲ್ಲಿ, ಅವರಲ್ಲಿ ಹೆಚ್ಚಿನವರು ಲುಹ್ಯಾಗಳು. ಇಂಗ್ಲೆಂಡಿನ ಕ್ವೇಕರ್‌ಗಳು ಪ್ರಾರ್ಥನೆಗೆ ಹೆಚ್ಚಾಗಿ ಮೌನವಾಗಿ ಕೂರುತ್ತಾರೆ. ಇಲ್ಲಿ ಹಾಡು, ಡೋಲು, ಉಪದೇಶ ಎಲ್ಲ ಇದೆ.

ಇಷ್ಟು ಜನ ಇದ್ದೂ ಒಬ್ಬ ರಾಷ್ಟ್ರಪತಿ ಯಾಕೆ ಆಗಿಲ್ಲ?

ಕೀನ್ಯಾದಲ್ಲಿ ಪ್ರತಿ ಚುನಾವಣೆಗೂ ಈ ಪ್ರಶ್ನೆ ಏಳುತ್ತದೆ. ಉಪರಾಷ್ಟ್ರಪತಿಗಳಾಗಿದ್ದಾರೆ: ಮುಸಾಲಿಯಾ ಮುದವಾದಿ, ವಮಾಲ್ವಾ ಕಿಜಾನಾ, ಮೂಡಿ ಅವೋರಿ. 2013ರಲ್ಲಿ ಮುದವಾದಿ ತಾವೇ ರಾಷ್ಟ್ರಪತಿ ಚುನಾವಣೆಗೆ ನಿಂತರು. ಲುಹ್ಯಾ ನಾಡಿನ ದೊಡ್ಡ ಪಾಲು ಮತ ನೆರೆಯ ಲುಓ ಜನರ ನಾಯಕ ರೈಲಾ ಒಡಿಂಗಾಗೆ ಹೋಯಿತು. ಮುದವಾದಿಗೆ ಒಟ್ಟು ಶೇಕಡ 4ರಷ್ಟು ಸಿಕ್ಕಿತು. "ಇವರಲ್ಲಿ ಒಗ್ಗಟ್ಟಿಲ್ಲ" ಅಂತ ಟೀಕೆ ಮಾಡುವವರಿದ್ದಾರೆ. ಕುಲ ನೋಡಿ ಮತ ಹಾಕದಿರುವುದನ್ನು ದೋಷ ಅನ್ನಬೇಕಾ? ನನಗೆ ಹಾಗನ್ನಿಸುವುದಿಲ್ಲ.

ಲುಓಗಳ ಜೊತೆ ಜಗಳಾನಾ, ಸ್ನೇಹಾನಾ?

ಬೀಗರ ಸಂಬಂಧ. ಲುಓ ಭಾಷೆ ಬಾಂಟು ಅಲ್ಲ, ಬೇರೆಯದೇ ಕುಟುಂಬ. ಆದರೆ ಗಡಿ ಊರುಗಳಲ್ಲಿ ಕೊಟ್ಟು ತರುವುದು ಮಾಮೂಲು. ಫುಟ್‌ಬಾಲ್ ಮೈದಾನದಲ್ಲಿ ನೋಡಬೇಕು ಮಜಾ. 1964ರಲ್ಲಿ ಹುಟ್ಟಿದ ಅಬಲುಹ್ಯಾ ತಂಡಕ್ಕೆ, ಕುಲದ ಹೆಸರು ಇಟ್ಟುಕೊಳ್ಳಬಾರದು ಎಂದು ಸರ್ಕಾರ ಹೇಳಿದ ಮೇಲೆ, ಎಎಫ್‌ಸಿ ಲೆಪರ್ಡ್ಸ್ ಎಂದು ಹೆಸರಾಯಿತು. ಅಭಿಮಾನಿಗಳಿಗೆ ಅದು 'ಇಂಗ್ವೆ', ಅಂದರೆ ಚಿರತೆ. ಲುಓಗಳ ಗೋರ್ ಮಹಿಯಾ ಜೊತೆ ಆಡುವ ಪಂದ್ಯಕ್ಕೆ ಊರೆಲ್ಲ ಕರೆಯುವ ಹೆಸರು 'ಮಶೆಮೆಜಿ ಡರ್ಬಿ'. ಭಾವ-ಮೈದುನರ ಪಂದ್ಯ!

ಉಗಾಂಡಾದ ಗಿಸುಗಳು ಲುಹ್ಯಾಗಳೇ ಅಲ್ವಾ?

ಬುಕುಸುಗಳಿಗೂ ಗಿಸುಗಳಿಗೂ ಎಲ್ಗಾನ್ ಬೆಟ್ಟವೇ ಹಿರಿಯ. ಎರಡೂ ಕಡೆಯವರು ಅದನ್ನು ಮಸಾಬಾ ಅನ್ನುತ್ತಾರೆ. ಮಾತು ಹತ್ತಿರ, ಸುನ್ನತಿಯ ಹಬ್ಬವೂ ಸಮವರ್ಷದ್ದೇ. ಬುಕುಸುಗಳಿಗೆ ಮರಗೋಲಿಗಿಂತ ಗಿಸು ಮಾತೇ ಬೇಗ ಅರ್ಥವಾಗುತ್ತದೆ. ಆದರೂ ಗಿಸುಗಳು ತಮ್ಮನ್ನು ಲುಹ್ಯಾ ಅಂತ ಕರೆದುಕೊಳ್ಳುವುದಿಲ್ಲ. ಆ ಹೆಸರು ಹುಟ್ಟಿದ್ದು ಗಡಿಯ ಈಚೆ, ಇಲ್ಲಿನ ಜಮೀನಿನ ಹೋರಾಟದಲ್ಲಿ.

ನಾನು ಬಯೋ ಇನ್ಫರ್ಮ್ಯಾಟಿಕ್ಸ್ ಓದ್ತಿದ್ದೀನಿ. ಡೇಟಾದಲ್ಲಿ ಎಲ್‌ಡಬ್ಲ್ಯುಕೆ ಅಂತ ಬರುತ್ತೆ, ಅದು ಇವರದ್ದೇನಾ?

ಹೌದು. ಜಗತ್ತಿನ ಬೇರೆ ಬೇರೆ ಜನರ ವಂಶವಾಹಿ ಮಾಹಿತಿ ಕಲೆಹಾಕಿದ 'ಸಾವಿರ ಜೀನೋಮ್' ಯೋಜನೆಯಲ್ಲಿ ಎಲ್‌ಡಬ್ಲ್ಯುಕೆ ಅಂದರೆ 'ಕೀನ್ಯಾದ ವೆಬುಯೆಯ ಲುಹ್ಯಾ'. ಆಫ್ರಿಕಾದಿಂದ ಆ ಪಟ್ಟಿಗೆ ಸೇರಿದ ಕೆಲವೇ 'ಜನಸಮೂಹ'ಗಳಲ್ಲಿ ಇದೂ ಒಂದು. ಹಾಗಾಗಿ ಜಗತ್ತಿನ ಎಷ್ಟೋ ಲ್ಯಾಬುಗಳ ಕಂಪ್ಯೂಟರಿನಲ್ಲಿ ಲುಹ್ಯಾ ಎಂಬ ಪದ ದಿನಾ ಓಡಾಡುತ್ತಿದೆ. ಬಳಸುವಾಗ ಒಂದು ನೆನಪಿರಲಿ. ವೆಬುಯೆ ಇರುವುದು ಬುಂಗೋಮಾ ಕೌಂಟಿಯಲ್ಲಿ, ಬುಕುಸು ಮತ್ತು ತಚೋನಿಗಳ ನೆಲದಲ್ಲಿ. ಚೆಟಂಬೆ ಕೋಟೆಯೂ ಅಲ್ಲೇ ಹತ್ತಿರ. ಆ ಮಾದರಿಯನ್ನು ನೋಡಿ ಸರೋವರದ ದಡದ ಸಮಿಯಾ ಬಗ್ಗೆಯೋ ವಿಹಿಗಾದ ಮರಗೋಲಿ ಬಗ್ಗೆಯೋ ತೀರ್ಪು ಕೊಡಬೇಡಿ.